ಮಾತಾಡದ ಮಗು ದಡ್ಡ ಅಲ್ಲ

ಮಾನ್ಯರೇ,

ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸಲು ಮೊನ್ನೆ ಒಂದು ಶಾಲೆಗೆ ಹೋಗಿದ್ದೆ. ಅಲ್ಲಿನ ಮೇಡಂ ಒಂದು ಚಿತ್ರ ತೋರಿಸಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ‘ಈ ಕೋಳಿ ಎಷ್ಟು ಮೊಟ್ಟೆ ಇಟ್ಟಿದೆ?’ ಅಂತ ಕೇಳಿದರು. ಮಗು ಬಾಯಿಬಿಡಲಿಲ್ಲ. ‘ಸ್ವಲ್ಪ ಡಲ್ ಇದ್ದಾಳೆ’ ಅಂದುಬಿಟ್ಟರು, ಅವಳ ಎದುರಿಗೇ. ಗೇಟು ದಾಟಿದ ಮೇಲೆ ಅವಳು ನನ್ನ ಕೈ ಜಗ್ಗಿ ಹೇಳಿದಳು: ‘ತಾತಾ, ಅದಿ ಪೆಟ್ಟ ಕಾದು, ಪುಂಜು.’ ಅದು ಹೇಂಟೆ ಅಲ್ಲ, ಹುಂಜ! ಚಿತ್ರದಲ್ಲಿ ಕೆಂಪು ಜುಟ್ಟು ಎದ್ದು ಕಾಣುತ್ತಿತ್ತು. ನಾನೂ ಗಮನಿಸಿರಲಿಲ್ಲ.

ನಮ್ಮ ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು. ಮಗುವಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆ ಇನ್ನೂ ಹೊರಳುವುದಿಲ್ಲ ಅಷ್ಟೇ. ಅದಕ್ಕೂ ಬುದ್ಧಿಗೂ ಗಂಟು ಹಾಕಬಹುದಾ?

1861ರಲ್ಲಿ ಪ್ಯಾರಿಸ್‌ನ ವೈದ್ಯ ಬ್ರೋಕಾ ಅವರ ಬಳಿ ಒಬ್ಬ ರೋಗಿ ಬಂದಿದ್ದ. ಏನು ಕೇಳಿದರೂ ‘ಟಾನ್’ ಅಂತಲೇ ಅನ್ನುತ್ತಿದ್ದ. ಆದರೆ ಬೇರೆಯವರು ಹೇಳಿದ್ದು ಅವನಿಗೆ ತಿಳಿಯುತ್ತಿತ್ತು, ಲೆಕ್ಕ ಕೇಳಿದರೆ ಬೆರಳು ತೋರಿಸಿ ಹೇಳುತ್ತಿದ್ದ. ಇನ್ನೊಂದು ಕಡೆ, ವಿಲಿಯಮ್ಸ್ ಸಿಂಡ್ರೋಮ್ ಅನ್ನುವ, ಹುಟ್ಟಿನಿಂದಲೇ ಬರುವ ಅಪರೂಪದ ತೊಂದರೆ ಇರುವ ಅನೇಕ ಮಕ್ಕಳು ಸೊಗಸಾಗಿ ಮಾತಾಡುತ್ತಾರೆ, ಆದರೆ ಒಂದು ಸರಳ ಚಿತ್ರ ನೋಡಿ ಬರೆಯಲು ಕಷ್ಟಪಡುತ್ತಾರೆ. ಹೆಚ್ಚು ಪದ ಬಲ್ಲವರಿಗೆ ಬುದ್ಧಿ ಪರೀಕ್ಷೆಗಳಲ್ಲಿ ಅಂಕವೂ ಜಾಸ್ತಿ ಬರುತ್ತದೆ ಅನ್ನುವುದು ನಿಜ. ಆದರೆ ಯಾವ ಭಾಷೆಯ ಪದ? ಇದು ಗೊತ್ತಿದ್ದೇ 1917ರಲ್ಲಿ ಅಮೆರಿಕದ ಸೇನೆ ಇಂಗ್ಲಿಷ್ ಬಾರದವರಿಗೆ ಅಂತ ಬರೀ ಚಿತ್ರ, ಸನ್ನೆಗಳ ಬೇರೆ ಪರೀಕ್ಷೆ ಮಾಡಿತ್ತು. ಬುದ್ಧಿ ಪರೀಕ್ಷೆಗೆ 1905ರಲ್ಲಿ ದಾರಿ ಹಾಕಿದ ಫ್ರಾನ್ಸಿನ ಬಿನೆ ಕೂಡ ಯಾವ ಮಗುವಿಗೆ ಹೆಚ್ಚು ನೆರವು ಬೇಕು ಅಂತ ತಿಳಿಯಲು ಅದನ್ನು ಮಾಡಿದ್ದು, ಹಣೆಪಟ್ಟಿ ಹಚ್ಚಲು ಅಲ್ಲ.

ಅಷ್ಟಕ್ಕೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷೆ ಮಾಡಿ ಆರಿಸುವಂತಿಲ್ಲ. ಇದು ಎಷ್ಟು ಜನ ಪೋಷಕರಿಗೆ ಗೊತ್ತು? ಶಿಕ್ಷಣ ಇಲಾಖೆಯವರು ಪ್ರತಿ ಶಾಲೆಯ ಗೇಟಿನ ಮುಂದೆ ಇದನ್ನು ಬರೆಸಲಿ. ಗಡಿ ತಾಲ್ಲೂಕುಗಳಲ್ಲಿ ಒಂದನೇ ತರಗತಿಗಾದರೂ ತೆಲುಗು ಬಲ್ಲ ಟೀಚರ್ ಒಬ್ಬರು ಇರಲಿ. ಕನ್ನಡವನ್ನು ನನ್ನ ಮೊಮ್ಮಗಳು ಕಲಿತೇ ಕಲಿಯುತ್ತಾಳೆ. ಈ ಪತ್ರ ಬರೆಯುತ್ತಿರುವ ನಾನೂ ಕನ್ನಡ ಕಲಿತದ್ದು ಶಾಲೆಗೆ ಹೋದ ಮೇಲೆಯೇ.

– ಒಬ್ಬ ತಾತ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ