ಗಾಡಿ ಕೀಲಿ ವಿಷಯಕ್ಕ ಪೋಷಕರಿಗೆ ಒಂದು ಪತ್ರ

ಎಲ್ಲಾ ಪೋಷಕರಿಗೆ ನಮಸ್ಕಾರ್ರಿ,

ಹೋದ ಸೋಮವಾರ ಗೇಟಿನ್ಯಾಗ ಹನ್ನೊಂದು ಗಾಡಿ ಕೀಲಿ ಇಸ್ಕೊಂಡೀವಿ, ಅವತ್ತಿಂದ ನನಗ ಫೋನ್ ಬರೋದು ನಿಂತಿಲ್ಲ. ಕೆಲವರು ಸಿಟ್ಟಿಲೆ ಮಾತಾಡ್ಯಾರ, ಕೆಲವರು ಸಮಾಧಾನದಿಂದ ಕೇಳ್ಯಾರ, ಒಬ್ಬ ತಾಯಿ ಅಂತೂ ಅತ್ತಬಿಟ್ರು, ಮುಂಜಾನಿ ಆರಕ್ಕ ಟ್ಯೂಷನ್, ಅಲ್ಲಿಂದ ಸಾಲಿ, ಗಾಡಿ ಇಲ್ದ ಹುಡುಗ ಹೆಂಗ ತಿರಗಬೇಕ್ರಿ ಅಂತ. ಆ ತ್ರಾಸು ನನಗ ಗೊತ್ತೈತಿ. ಚಿಗರಿ ಬಸ್ ಸ್ಟಾಪಿಂದ ಬಿಸಲಾಗ ನಡಕೋತ ಬರೋ ಹುಡುಗೂರ್ನ ದಿನಾ ನೋಡ್ತೀನಿ. ಆದ್ರೂ ಈ ನಿಯಮ ತಗಿಯಂಗಿಲ್ರಿ. ಹದಿನೆಂಟು ತುಂಬಿ ಲೈಸೆನ್ಸ್ ಇದ್ದೋರ್ನ ಬಿಟ್ಟು ಬ್ಯಾರೆ ಯಾರೂ ಸಾಲಿಗೆ ಗಾಡಿ ತರೂಹಂಗಿಲ್ಲ.

"16 ತುಂಬಿದ್ರ ಸ್ಕೂಟಿ ನಡಸಬಹುದಲ್ರಿ ಮೇಡಂ" ಅಂತ ಭಾಳ ಮಂದಿ ಕೇಳಿದ್ರು. ಕಾನೂನಿನ್ಯಾಗ ಆ ಅವಕಾಶ ಇರೋದು ಗೇರ್ ಇಲ್ಲದ 50 ಸಿಸಿ ಒಳಗಿನ ಗಾಡಿಗೆ, ನಮ್ಮ ಗೇಟಿಗೆ ಬಂದು ನಿಂತಿದ್ವೆಲ್ಲಾ 110, 125 ಸಿಸಿಯವು. ಮೋಟಾರು ವಾಹನ ಕಾಯ್ದೆಗೆ 2019ರಾಗ ತಿದ್ದುಪಡಿ ಆದ ಮ್ಯಾಲ ಹದಿನೆಂಟರೊಳಗಿನ ಹುಡುಗ ಗಾಡಿ ನಡಸಿ ಸಿಕ್ರ ಕೇಸು ತಂದಿ ತಾಯಿ ಮ್ಯಾಲ ಇಲ್ಲಾ ಗಾಡಿ ಮಾಲಕರ ಮ್ಯಾಲ ಬರ್ತೈತಿ, 25,000 ರೂಪಾಯಿ ದಂಡ, 3 ವರ್ಷದತನಕ ಜೈಲು, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಆ ಹುಡುಗಗ 25 ತುಂಬೋತನಕ ಲೈಸೆನ್ಸ್ ಸಿಗಂಗಿಲ್ಲ. ದಂಡದ ಮಾತು ಇಲ್ಲಿಗೆ ಬಿಡ್ತೀನಿ.

ಹೋದ ತಿಂಗಳು ಸೆಂಡ್ ಆಫ್ ದಿನ ರಾತ್ರಿ ಆದದ್ದು ನಿಮಗ ಅರ್ಧಂಬರ್ಧ ಗೊತ್ತೈತಿ. ಹುಡುಗನ ಹೆಸರು ಬರಿಯಂಗಿಲ್ಲ, ಗೊತ್ತಿದ್ದೋರೂ ದಯಮಾಡಿ ಗ್ರೂಪಿನ್ಯಾಗ ಹಾಕಬ್ಯಾಡ್ರಿ. "ಬರೀರಿ ಮೇಡಂ, ನಾಕ್ ಮಂದಿಗೆ ಗೊತ್ತಾಗ್ಲಿ" ಅಂತ ಅವರ ತಂದಿಯವರ ಹೇಳಿದ್ದಕ್ಕ ಇಷ್ಟು ಬರ್ಯಾಕತ್ತೀನಿ. ಸಾಲ್ಯಾಗಿನ ಪ್ರೋಗ್ರಾಂ ನಾಕಕ್ಕ ಮುಗೀತು. ಐದು ಹುಡುಗೂರು ಬೈಪಾಸ್ ಬಾಜು ಒಂದು ಧಾಬಾಕ್ಕ ಹೋಗಿ ಬೀರು ಕುಡದಾರ. ಒಂಬತ್ತೂವರಿಗೆ ಮನಿಗೆ ಬರಬೇಕಾದ್ರ ರೋಡಿನ ಬಾಜು ಒಂದು ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು, ಹಿಂದ ಲೈಟಿಲ್ಲ, ರೇಡಿಯಂ ಇಲ್ಲ, ಇವನ ಸ್ಕೂಟಿ ಹೋಗಿ ಟ್ರೇಲರ್‌ಗೆ ಬಡೀತು. ಹಿಂದ ಕುಂತವ ಹಾರಿ ಬಿದ್ದು ಸಣ್ಣ ಗಾಯದಾಗ ಉಳಕೊಂಡ. ನಡಸವನ ತೊಡಿ ಎಲಬು ಮುರದು ರಾಡ್ ಹಾಕ್ಯಾರ. ಹೆಲ್ಮೆಟ್ ಇತ್ತು, ತಲಿ ಉಳೀತು.

ನಾ ದವಾಖಾನಿಗೆ ಹೋದಾಗ ನರ್ಸ್ ಕತ್ರಿಲೆ ಅವನ ಜೀನ್ಸ್ ಕತ್ತರಿಸಾಕತ್ತಿದ್ರು. ಮೊಣಕಾಲಾಗ ಉಸುಕು ಹೊಕ್ಕಿತ್ತು. ಅವ ನನ್ನ ನೋಡಿ "ನಾ ಗಟ್ಟಿ ಅದೀನ್ರಿ ಮೇಡಂ, ಕರೆಕ್ಟಾಗಿ ನಡಸ್ತಿದ್ದೆ, ಒಂದ ಬಾಟ್ಲಿ" ಅಂತ ಮತ್ತ ಮತ್ತ ಅದನ್ನ ಹೇಳಾಕತ್ತಿದ್ದ, ಎಲಬು ಮುರದದ್ದು ಅವಗಿನ್ನೂ ಗೊತ್ತಾಗಿರಲಿಲ್ಲ. ಹೊರಗ ಅವರಪ್ಪ ನನ್ನ ಬಾಜು ಬಂದು ಸಣ್ಣ ದನಿಲೆ ಕೇಳಿದ್ರು, "ಗಾಡಿ ನನ್ನ ಹೆಸರಲೆ ಐತಿ, ನಾನ ನಡಸ್ತಿದ್ದೆ ಅಂತ ಬರಸ್ಲೇನ್ರಿ ಮೇಡಂ?" ಬ್ಯಾಡ್ರಿ ಅಂದೆ. ಅವರ ಮಾರಿ ಇನ್ನೂ ನನ್ನ ಕಣ್ಣ ಮುಂದೈತಿ.

ಇನ್ನ ಒಂದು ಮಾತು, ಇದನ್ನ ಯಾರೂ ತಪ್ಪು ತಿಳ್ಕೋಬ್ಯಾಡ್ರಿ. ಸಾಲ್ಯಾಗ ಕುಡಿಯೋ ವಿಷಯ ತಗದು ಮಾತಾಡಿದ್ದಕ್ಕ "ನಮ್ಮ ಹುಡುಗ ಅಂಥಾವಲ್ಲ, ಇಲ್ದ ವಿಚಾರ ತಲ್ಯಾಗ ತುಂಬಬ್ಯಾಡ್ರಿ" ಅಂತ ಮೂರು ಮನಿಯವರು ಹೇಳಿ ಕಳಿಸ್ಯಾರ. ನಿಮ್ಮ ಮಗ ಕುಡುಕ ಅಂತ ನಾ ಅಂದಿಲ್ಲ, ಅನ್ನಂಗೂ ಇಲ್ಲ. ಆ ಬಿದ್ದ ಹುಡುಗನೂ ಅಂಥಾವಲ್ಲ, ಅವತ್ತಿನದು ಸೇರಿ ಅವ ಬೀರು ಮುಟ್ಟಿದ್ದು ಎರಡ ಸಲ. ನನ್ನ ಹೆದರಿಕಿ ಇರೋದ ಅಲ್ಲೆ. ಗಾಡಿ ನಡಸಾಕ ಕಲ್ತು ವರ್ಷ ಆಗಿಲ್ಲ, ಕುಡದು ರೂಢಿ ಇಲ್ಲ, ಎರಡೂ ಹೊಸಾವು ಒಂದ ರಾತ್ರಿ ಕೂಡಿದ್ರ ಅವಗ ತನಗ ಎಷ್ಟು ಏರೈತಿ ಅನ್ನೋದ ತಿಳಿಯಂಗಿಲ್ಲ. ಮೊದಲು ಹೋಗೋದು ಕೈಕಾಲಿನ ಶಕ್ತಿ ಅಲ್ರಿ, ಇದು ಸರಿ ಇದು ತಪ್ಪು ಅನ್ನೋ ಅಂದಾಜು ಹೋಗ್ತೈತಿ, ಅದಕ್ಕ ಕುಡದವ ನಾ ಗಟ್ಟಿ ಅದೀನಿ ಅಂತಾನ. ಗಂಟೆಗೆ 60 ಕಿಲೋಮೀಟರ್ ಸ್ಪೀಡಿನ್ಯಾಗ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗ್ತಾನ, ಬ್ರೇಕ್ ಹಾಕಾಕ ಅರ್ಧ ಸೆಕೆಂಡ್ ತಡ ಆದ್ರ ನಮ್ಮ ಒಂದು ಕ್ಲಾಸ್ ರೂಮಿನಷ್ಟು ದೂರ ಕೈ ಬಿಟ್ಟಂಗ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಾಗ 30 ಮಿಲಿಗ್ರಾಂ. ತೆಳ್ಳನ ಹುಡುಗಗ ಒಂದು ದೊಡ್ಡ ಬಾಟ್ಲಿ ಸ್ಟ್ರಾಂಗ್ ಬೀರು ಕುಡದ್ರ ಅದನ್ನ ದಾಟಿ ಎಷ್ಟೋ ಮುಂದ ಹೋಗಿರ್ತೈತಿ, ಪೂರ್ತಿ ಇಳಿಯಾಕ ಆರೇಳು ತಾಸರ ಬೇಕು. ಲಿಂಬಿ ಹಣ್ಣು, ಮಜ್ಜಿಗಿ, ಕಾಫಿ, ತಣ್ಣೀರು, ಇದರಾಗ ಯಾವದೂ ಲಿವರ್‌ನ ಕೆಲಸ ಲಗೂನ ಮಾಡಸಂಗಿಲ್ಲ, ಯಾಲಕ್ಕಿ ತಿಂದ್ರ ವಾಸನಿ ಅಷ್ಟ ಮುಚ್ಚತೈತಿ.

ಅವತ್ತು ಆ ಹುಡುಗನ ಫೋನಿನ್ಯಾಗ ಅವರವ್ವನ ಆರು ಮಿಸ್ಡ್ ಕಾಲ್ ಇದ್ವು. ಆಪರೇಷನ್ ಆದ ಮ್ಯಾಲ ಅವ ನನಗ ಹೇಳಿದ, "ಫೋನ್ ಎತ್ತಿದ್ರ ಮಾತಿನ್ಯಾಗ ಗೊತ್ತಾಗ್ತಿತ್ರಿ ಮೇಡಂ, ಹತ್ತರೊಳಗ ಮನಿ ಮುಟ್ಟಿದ್ರ ಅಪ್ಪ ಏನೂ ಕೇಳಂಗಿಲ್ಲ ಅಂತ ಜೋರ್ ಬಂದೆ." ಮನಿ ಮಂದಿಗೆ ಹೆದರಿ ಜೋರ್ ಬಂದಾನ. ಇದನ್ನ ಕೇಳಿದಾಗಿಂದ ನನಗ ಸರಿ ನಿದ್ದಿ ಇಲ್ಲ.

ಅದಕ್ಕ ನಿಮ್ಮ ಹತ್ರ ಕೇಳೋದು ಇಷ್ಟ: ನಿಮ್ಮ ಮಗ ಇಲ್ಲಾ ಮಗಳು ರಾತ್ರಿ ಎಷ್ಟೊತ್ತಿಗೆ ಫೋನ್ ಮಾಡಿದ್ರೂ, ಎಂಥಾ ಸ್ಥಿತಿಯೊಳಗ ಇದ್ರೂ, ಬೈಲಾರದ ಹೋಗಿ ಕರ್ಕೊಂಡ್ ಬರ್ರಿ.

"ಹಂಗಂದ್ರ ಕುಡೀರಿ ಅಂತ ಪರ್ಮಿಷನ್ ಕೊಟ್ಟಂಗಾತಲ್ರಿ" ಅಂತ ಸ್ಟಾಫ್ ಮೀಟಿಂಗಿನ್ಯಾಗನ ಒಬ್ಬರು ಅಂದ್ರು, ನೀವೂ ಅಂತೀರಿ ಅಂತ ಗೊತ್ತೈತಿ. ಪರ್ಮಿಷನ್ ಅಲ್ರಿ. ಮರುದಿನ ಮುಂಜಾನಿ ಎಬ್ಬಿಸಿ ಕುಂಡ್ರಿಸಿ ಎಷ್ಟು ಬೈಬೇಕೋ ಬೈರಿ, ಫೋನ್ ಕಸಗೋರಿ, ಗಾಡಿ ಮಾರ್ರಿ, ನಾ ನಡಕ ಬರಂಗಿಲ್ಲ. ಆ ಒಂದು ರಾತ್ರಿ ಅಷ್ಟ ಬ್ಯಾಡ. ಶಿಸ್ತು ಬ್ಯಾಡ ಅಂತ ಹೇಳೋ ಪೈಕಿ ನಾನಲ್ಲ, ನಿಮಗ ಗೊತ್ತೈತಿ. ಅಪ್ಪ ಬೈತಾನ ಅನ್ನೋ ಹೆದರಿಕಿ ಗಾಡಿ ಹತ್ತೋಕಿಂತ ಮೊದಲ ಇರಲಿ, ಹತ್ತಿದ ಮ್ಯಾಲ ಆ ಹೆದರಿಕಿ ಆಕ್ಸಿಲರೇಟರ್ ತಿರುವ್ತೈತಿ. ಕಾಕಾನೋ ಮಾಮಾನೋ ಒಬ್ಬರ ನಂಬರ್ ಆದ್ರೂ ಅವಗ ಕೊಟ್ಟಿಡ್ರಿ, ನಿಮಗ ಹೇಳಾಕ ಆಗಲಾರದ್ದನ್ನ ಅವರಿಗೆ ಹೇಳ್ಲಿ.

ಕಾಕಾ ಮಾಮಾ ಅಂದದ್ದಕ್ಕ ಇದನ್ನೂ ಹೇಳ್ತೀನಿ. ಹಳದಿ ಕಾರ್ಯಕ್ರಮದಾಗ, ಜಾತ್ರಿಯೊಳಗ "ದೊಡ್ಡಾವ ಆಗ್ಯಾನ, ಒಂದು ಗ್ಲಾಸ್ ತಗೊಳ್ಲಿ ಬಿಡು" ಅಂತ ಕೈಗೆ ಕೊಡೋದು ಪ್ರೀತಿ ಇರಬಹುದು. ಹದಿನೆಂಟರೊಳಗಿನವರಿಗೆ ಮದ್ಯ ಕೊಟ್ರ 7 ವರ್ಷದತನಕ ಜೈಲು, 1 ಲಕ್ಷದತನಕ ದಂಡ ಐತಿ, ಕೊಟ್ಟವರು ಮನಿಯವರಾದ್ರೂ ಅಷ್ಟ.

ರಂಗಪಂಚಮಿ ಬಂತು, ಅದರ ಹಿಂದ ಪರೀಕ್ಷಾ ಮುಗಿಯೋ ದಿನ. ಬಣ್ಣ ಆಡ್ಲಿ, ನಾ ಯಾಕ ಬ್ಯಾಡ ಅನ್ನಲಿ. ಆ ಎರಡು ದಿನ ಗಾಡಿ ಕೀಲಿ ನಿಮ್ಮ ಹತ್ರ ಇರಲಿ.

ಇಸ್ಕೊಂಡ ಹನ್ನೊಂದರಾಗ ಏಳು ಕೀಲಿ ಇನ್ನೂ ನನ್ನ ಟೇಬಲ್ಲಿನ ಡ್ರಾದಾಗ ಅದಾವ, ಒಂದೊಂದಕ್ಕ ಹೆಸರಿನ ಚೀಟಿ ಕಟ್ಟಿಟ್ಟೀನಿ. ಶನಿವಾರ ಮಧ್ಯಾಹ್ನ ಒಂದರಿಂದ ಮೂರರತನಕ ಇರ್ತೀನಿ, ತಂದಿ ಇಲ್ಲಾ ತಾಯಿ ಬಂದು ಒಯ್ಯಬೇಕು, ಹುಡುಗೂರ ಕೈಯಾಗ ಕೊಡಂಗಿಲ್ಲ. ಟ್ಯೂಷನ್ ಟೈಮಿನ ತ್ರಾಸು ಇದ್ದೋರು ಅವತ್ತ ಹೇಳ್ರಿ, ಒಂದ ಓಣಿಯಿಂದ ಬರೋ ಹುಡುಗೂರು ಕೂಡಿ ಆಟೋ ಮಾಡಸೋದು ನೋಡೂಣು. ಚಹಾ ಕುಡಕೋತ ಮಾತಾಡೂಣು, ಬರ್ರಿ.

ನಿಮ್ಮ,
ಪ್ರಿನ್ಸಿಪಾಲ್