ಗೋಕುಲ ರಸ್ತೆಯ ಕಾಕಾ ಅವರಿಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ತಂತಿಹಗ್ಗದ ಅಂಗಡಿಯ ಮುಂದೆ ಸಿಕ್ಕ ಹಿರಿಯರೇ, ಹೆಸರು ಕೇಳಿದರೆ ನಕ್ಕು ‘ಕಾಕಾ ಎನ್ನಿರಿ, ಸಾಕು’ ಎಂದಿರಿ. ಆ ಹೆಸರಿನಲ್ಲೇ ನಿಮಗೆ ಈ ಕೃತಜ್ಞತೆ.

ಕಾರವಾರದಲ್ಲಿರುವ ನಮ್ಮ ಹಳೆಯ ಹಾಯಿದೋಣಿಯ ಕಂಬವನ್ನು ಎಳೆದು ನಿಲ್ಲಿಸುವ ತಂತಿಹಗ್ಗಗಳಲ್ಲಿ ಒಂದನ್ನು ಬಿಚ್ಚಿ ತಂದಿದ್ದೆ. ನೋಡಲು ಫಳಫಳ ಹೊಳೆಯುತ್ತಿತ್ತು. ನೀವು ಹೊಳಪಿಗೆ ಮರುಳಾಗದೆ, ತಂತಿ ತುದಿಯ ಹಿಡಿಕೆಯೊಳಗೆ ಸೇರುವ ಜಾಗವನ್ನು ಭೂತಗನ್ನಡಿಯಲ್ಲಿ ತೋರಿಸಿದಿರಿ: ಕಂದು ಕಲೆ, ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ಉಪ್ಪುನೀರು ಅಲ್ಲಿಗೇ ಇಳಿದು ನಿಲ್ಲುತ್ತದೆ, ಗಾಳಿಯಾಡದ ಕಡೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ಒಳಗೊಳಗೇ ಕೊರೆದುಹೋಗುತ್ತದೆ ಎಂದು ಬಿಡಿಸಿ ಹೇಳಿದಿರಿ.

ಅಳತೆಯ ವಿಷಯದಲ್ಲಿ ನಿಮ್ಮ ಋಣ ಇನ್ನೂ ದೊಡ್ಡದು. ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಸಾಧನವನ್ನು ಎದುರುಬದುರು ಎಳೆಗಳ ಉಬ್ಬಿನ ಮೇಲೆ ಕೂರಿಸಿ, ತಂತಿಯನ್ನು ತಿರುಗಿಸುತ್ತ ನಾಲ್ಕಾರು ಕಡೆ ಅಳೆದಿರಿ. 4.76 ಮಿ.ಮೀ., ಅಂದರೆ ಇಂಚಿನ 3/16. ಅಂಗಡಿಯಲ್ಲಿದ್ದ 5 ಮಿ.ಮೀ. ತಂತಿ ಈ ಅಳತೆಯ ಹಿಡಿಕೆಗೆ ಹೊಂದುವುದಿಲ್ಲ ಎಂದು ಆಗಲೇ ಎಚ್ಚರಿಸಿದಿರಿ. ಉದ್ದವನ್ನು ತಂತಿ ಬಿಗಿಯಾಗಿ ಎಳೆದಿರುವಾಗಲೇ, ಒಂದು ತುದಿಯ ಪಿನ್ನಿನ ನಡುವಿನಿಂದ ಇನ್ನೊಂದು ತುದಿಯ ಪಿನ್ನಿನ ನಡುವಿಗೆ ಅಳೆಯಬೇಕು. ಟರ್ನ್‌ಬಕಲ್ (ತಂತಿಯ ಬಿಗಿ ಹೊಂದಿಸುವ ತಿರುಪು) ಅರ್ಧ ತೆರೆದಿರಬೇಕು, ಮುಂದೆ ಬಿಗಿಮಾಡಲೂ ಸಡಿಲಿಸಲೂ ಜಾಗ ಉಳಿಯಬೇಕು ಎಂದಿರಿ.

ನೀವು ಹೇಳಿದಂತೆ ಆಸರೆಗೆ ಹಗ್ಗ ಕಟ್ಟಿಕೊಂಡು ಒಂದೊಂದನ್ನೇ ಬದಲಿಸಿದೆವು. ಕಂಬ ಅಲುಗಲಿಲ್ಲ. ಅಂದಿನ ಚಹಾದ ದುಡ್ಡನ್ನೂ ನೀವೇ ಕೊಟ್ಟಿರಿ, ಕಾಕಾ. ಮಳೆಗಾಲ ಮುಗಿದ ಮೇಲೆ ಮನೆಯವರೊಂದಿಗೆ ಕಾರವಾರಕ್ಕೆ ಬನ್ನಿ, ನಿಮ್ಮನ್ನು ಸಮುದ್ರಕ್ಕೆ ಕರೆದೊಯ್ಯುವ ಆಸೆ ನಮ್ಮೆಲ್ಲರಿಗೂ ಇದೆ.