ಫ್ರೇಮಿನ ಕಾಕಾಗೆ, ಮತ್ತೆ ಉಳಿದ ಎಲ್ಲರಿಗೂ

ಚಿತ್ರಪ್ರದರ್ಶನ ಮುಗಿಸಿ, ಗೋಡೆಯ ಕೊನೆಯ ಮೊಳೆ ಕಿತ್ತು, ಒಣದ್ರಾಕ್ಷಿ ಗೋದಾಮಿನ ಕೀಲಿಯನ್ನು ಮಾಲೀಕರ ಕೈಗೆ ಕೊಟ್ಟು ಬಂದು ಇಂದಿಗೆ ಒಂಬತ್ತು ದಿನ. ಎರಡು ಸಲ ಒಗೆದರೂ ನನ್ನ ಸೀರೆಯಿಂದ ಒಣದ್ರಾಕ್ಷಿಯ ವಾಸನೆ ಹೋಗಿಲ್ಲ. ಈ ಮಾತುಗಳನ್ನು ಮನೆಮನೆಗೆ ಬಂದು ಹೇಳಬೇಕಿತ್ತು. ಆದರೆ ವಿಜಯಪುರದಲ್ಲಿ ಮನೆಗೆ ಹೋದರೆ ಚಹಾ ಕುಡಿಯದೆ ಎದ್ದು ಬರುವಂತಿಲ್ಲ, ಅಷ್ಟು ಚಹಾ ನನ್ನಿಂದಾಗದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರದರ್ಶನ ಏಕೆ, ಹೇಗೆ ಎಂಬುದನ್ನೆಲ್ಲ ವರ್ಷದಿಂದ ನನ್ನ ಬಾಯಲ್ಲಿ ಕೇಳಿ ಕೇಳಿ ನಿಮಗೆ ಸಾಕಾಗಿದೆ. ಆದಿಲ್‌ಶಾಹಿ ಕಾಲದಲ್ಲಿ ನಮ್ಮ ಊರಿನಲ್ಲೇ ಬರೆದ ಚಿತ್ರಗಳನ್ನು ನೋಡಲು ಇಂದು ಲಂಡನ್, ನ್ಯೂಯಾರ್ಕ್, ಡಬ್ಲಿನ್‌ಗೆ ಹೋಗಬೇಕು. ಅವುಗಳ ನಲವತ್ತೆರಡು ಪ್ರತಿಗಳನ್ನು, ಕೆಲವು ಅಚ್ಚಿನವು, ಕೆಲವು ನಾನೂ ನನ್ನ ವಿದ್ಯಾರ್ಥಿಗಳೂ ಕೈಯಾರೆ ಬರೆದವು, ಹನ್ನೆರಡು ದಿನ ಊರಿಗೆ ಕರೆತಂದೆವು. ಸಭಾಂಗಣ ಕೊಡುತ್ತೇವೆಂದವರು ಕೊನೆಯ ವಾರದಲ್ಲಿ ಕೈಯೆತ್ತಿದರು. ಅವರ ಹೆಸರು ಬೇಡ, ಅವರಿಂದಾಗಿಯೇ ಗೋದಾಮು ಸಿಕ್ಕಿತು. ಬಣ್ಣದಲ್ಲಿನ ಗೋಂದು, ನೆಲದಲ್ಲಿನ ದ್ರಾಕ್ಷಿಯ ಸಿಹಿ ಎರಡೂ ಸೇರಿ ಮೊದಲ ದಿನ ನಮಗೆ ಸಿಕ್ಕ ಅತಿ ದೊಡ್ಡ ಪ್ರೇಕ್ಷಕವರ್ಗ ಇರುವೆಗಳದ್ದು.

ಗೋದಾಮು ಬಿಟ್ಟುಕೊಟ್ಟವರು, ಕುರ್ಚಿ ತಂದವರು, ಕರಪತ್ರ ಅಚ್ಚು ಹಾಕಿಸಿದವರು, ಪರಿಚಯದ ಚೀಟಿಗಳಲ್ಲಿ ನನ್ನ ಕಾಗುಣಿತ ತಿದ್ದಿದ ಗೆಳತಿ, ಭಾನುವಾರದ ತಿರುಗಾಟಕ್ಕೆ ಅರ್ಧ ಬಾಡಿಗೆಯಲ್ಲಿ ಬಂದ ಇಬ್ಬರು ಟಾಂಗಾದವರು, ಹನ್ನೆರಡೂ ದಿನ ಊಟದ ಬುತ್ತಿ ಕಳಿಸಿದ ನಾದಿನಿ, ಎಲ್ಲರಿಗೂ ಶರಣು. ಗೋಲಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಎಂಬುದನ್ನು ಮರೆತು ಮೂವತ್ತು ಮಕ್ಕಳನ್ನು ಶುಕ್ರವಾರವೇ ಕರೆದೊಯ್ದವಳು ನಾನು. ಬಿಸಿಲಿನಲ್ಲಿ ಬಾಗಿಲ ಮುಂದೆ ನಿಂತು ನನ್ನನ್ನು ಬೈಯದ ಆ ಮಕ್ಕಳಿಗೆ ಇನ್ನೊಂದು ಶರಣು.

ಸಂಗೀತದ ಸಂಜೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. 1580ರಿಂದ 1627ರವರೆಗೆ ಈ ಊರನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ದಖನಿ ಭಾಷೆಯಲ್ಲಿ ಪದ ಕಟ್ಟಿದವನು. ಅವನ 'ಕಿತಾಬ್-ಎ-ನವ್‌ರಸ್'ನಲ್ಲಿ ಸರಸ್ವತಿಯ ಸ್ತುತಿ ಇದೆ, ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಸ್ತುತಿ ಇದೆ, ಮೋತಿಖಾನ್ ಎಂದು ಹೆಸರಿಟ್ಟ ತನ್ನ ತಂಬೂರಿಯ ಮೇಲಿನ ಪ್ರೀತಿಯೂ ಇದೆ. ಪದಗಳು ಯಾವ ರಾಗದವು ಎಂದು ಬರೆದಿಟ್ಟಿದ್ದಾನೆ, ಹೇಗೆ ಹಾಡಬೇಕೆಂದು ಬರೆದಿಲ್ಲ. ನಮ್ಮ ಗಾಯಕಿ ಒಂದನ್ನು ಭೂಪಾಲಿ ರಾಗಕ್ಕೆ ಕೂಡಿಸಿಕೊಂಡು ಹಾಡಿದಾಗ ತಗಡಿನ ಮಾಳಿಗೆಯ ಕೆಳಗೆ ಕೂತಿದ್ದ ಹಮಾಲರು ಕೂಡ ಬೀಡಿ ಆರಿಸಿದರು. ಅಕ್ಕಾ, ನೀವು ಗೌರವಧನದ ಲಕೋಟೆಯನ್ನು ತಬಲಾದವರ ಚೀಲಕ್ಕೆ ಹಾಕಿ ಹೋದದ್ದು ನನಗೆ ಗೊತ್ತಾಗಿದೆ.

ಮಂದ ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಅದರ ಅಲೆ ಹಿಡಿಸುವ ಅಬ್ರಿ ಕಾರ್ಯಾಗಾರವನ್ನು ಉಳಿಸಿದ್ದು ಏಳನೆಯ ತರಗತಿಯ ಹುಡುಗಿಯೊಬ್ಬಳ ತಾಯಿ. ನಾಲ್ಕುನೂರು ವರ್ಷದ ಹಿಂದೆ ಇಲ್ಲಿನ ಕಲಾವಿದರು ಇದೇ ಅಬ್ರಿಯಿಂದ ಎಲುಬು ಕಾಣುವ ಬಡಕಲು ಕುದುರೆಯನ್ನು ಮೂಡಿಸಿದ್ದರು. ನಮ್ಮ ತಟ್ಟೆಯಲ್ಲಿ ಬಣ್ಣವೆಲ್ಲ ಮುಳುಗಿ ಕೆಸರಾಯಿತು. "ಮೆಂತ್ಯದ ನೀರು ತೆಳುವಾಗಿದೆ ಅಕ್ಕಾವರೇ, ರಾತ್ರಿಯೆಲ್ಲ ನೆನೆಯಬೇಕು" ಎಂದು ಹೇಳಿ ಹೋದವರು, ಮರುದಿನ ಲೋಳೆಯಂಥ ನೀರನ್ನು ಧೋತರದಲ್ಲಿ ಸೋಸಿ ಕೊಡಪಾನದಲ್ಲಿ ಹೊತ್ತು ತಂದರು. ಬಣ್ಣ ತೇಲಿತು.

ಇನ್ನು ನಾಲ್ಕನೆಯ ರಾತ್ರಿ.

ಹಿಂಗಾರಿನ ಮಳೆ ಹತ್ತೂವರೆಗೆ ಹಿಡಿಯಿತು. ಮೊದಲು ಹೋದದ್ದು ಕರೆಂಟು, ಆಮೇಲೆ ತಗಡಿನ ಎರಡು ಜೋಡಣೆ. ನಾನು ಒಬ್ಬಳೇ ಇದ್ದೆ. ಹನ್ನೊಂದು ಜನರಿಗೆ ಫೋನ್ ಮಾಡಿದೆ. ಆ ಹೊತ್ತಿನಲ್ಲಿ ಯಾರು ಎತ್ತುತ್ತಾರೆ, ದೂರುತ್ತಿಲ್ಲ. ಹನ್ನೆರಡನೆಯದು ಚಿತ್ರಗಳಿಗೆ ಕಟ್ಟು ಹಾಕಿಕೊಟ್ಟ ಅಂಗಡಿಯ ಕಾಕಾ ಅವರದು. ಎಪ್ಪತ್ತರ ಹತ್ತಿರದ ಮನುಷ್ಯ, ಮೊಮ್ಮಗನನ್ನು ಹಿಂದೆ ಕೂರಿಸಿಕೊಂಡು ಲೂನಾದಲ್ಲಿ ತೊಯ್ದುಕೊಂಡು ಬಂದರು.

ನಾನು ಸೆರಗಿನಿಂದ ಚಿತ್ರ ಒರೆಸುತ್ತಿದ್ದೆ. ಕಾಕಾ ನನ್ನ ಕೈ ಹಿಡಿದರು. "ಒರೆಸಬೇಡವ್ವಾ, ಒತ್ತು." ಒದ್ದೆ ಕಾಗದ ಗಾಜಿಗೆ ಅಂಟಿ ಒಣಗಿತೆಂದರೆ ಮತ್ತೆ ಬಿಡಿಸಲಾಗದು, ಬೆಳಗಾಗುವುದರೊಳಗೆ ತೊಯ್ದ ಕಟ್ಟುಗಳನ್ನೆಲ್ಲ ಬಿಚ್ಚಲೇಬೇಕು ಎಂದರು. ಹದಿನೇಳು ತೊಯ್ದಿದ್ದವು. ಲೂನಾವನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ ದೀಪ ಹಾಕಿದರು. ಎಕ್ಸಲರೇಟರ್ ತಿರುವಿದಷ್ಟೂ ಬೆಳಕು, ಬಿಟ್ಟರೆ ಮಂಕು. ಮೊಮ್ಮಗ ಅದನ್ನು ತಿರುವುತ್ತ ಕೂತ, ಕಾಕಾ ಇಕ್ಕಳದಿಂದ ಮೊಳೆ ಕಿತ್ತರು, ನಾನು ಕಾಗದ ಹಿಡಿದೆ. ಹಳೆಯ ಪತ್ರಿಕೆ ಹರವಲು ಹೋದರೆ ಮಸಿ ಹತ್ತುತ್ತದೆಂದು ಬೇಡವೆಂದರು. ಅಂಗಡಿ ತೆರೆಸಿ ಬಿಳಿ ಕಾಗದದ ಇಡೀ ಕಟ್ಟು ತರಿಸಿದರು. ಗಂಟೆಗೊಮ್ಮೆ ಕಾಗದ ಬದಲಿಸುವುದು, ಮತ್ತೆ ಒತ್ತುವುದು. ಮೂರು ಗಂಟೆಗೆ ಪೆಟ್ರೋಲು ಮುಗಿಯಿತು. ಅಲ್ಲಿಂದ ಮೊಬೈಲ್ ಬೆಳಕು.

ಹನ್ನೆರಡನೆಯ ಕಟ್ಟಿನಲ್ಲಿ ಯೋಗಿನಿ ಇದ್ದಳು. ಕೈಯ ಮೇಲೆ ಮೈನಾ ಹಕ್ಕಿ, ಅಕ್ಕಪಕ್ಕ ಆಳೆತ್ತರದ ಹೂವು, ಹಿಂದಿನ ಗುಡ್ಡದ ಮೇಲೆ ಅರಮನೆ. ಮೂಲ ಡಬ್ಲಿನ್‌ನಲ್ಲಿದೆ. ನಮ್ಮದನ್ನು ನಾನು ಅಪ್ಪನ ಹಾಸಿಗೆಯ ಪಕ್ಕ ಕೂತು ಬರೆದಿದ್ದೆ. ಆ ತಿಂಗಳುಗಳ ಕಥೆ ನಿಮಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಹಕ್ಕಿಯ ಕೊಕ್ಕಿಗೆ ಬಣ್ಣ ತುಂಬಿದ ದಿನ ಅಪ್ಪ ನನ್ನ ಹೆಸರು ಹಿಡಿದು ಕರೆದಿದ್ದರು. ಆಮೇಲೆ ಕರೆಯಲಿಲ್ಲ. ಈಗ ಗುಡ್ಡದ ಬಣ್ಣ ಕರಗಿ ಅವಳ ನಿಲುವಂಗಿಯ ಮೇಲೆ ಇಳಿದಿತ್ತು. ನಾನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಅಪ್ಪ ಹೋದ ದಿನ ಬಾರದ ಅಳು ಆಗ ಬಂತು, ಗಂಟಲು ಹರಿಯುವಂತೆ. ಹುಡುಗ ಹೆದರಿದ. ಕಾಕಾ ಏನೂ ಕೇಳಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ನಾನೇ, "ಬಿಡಿ ಕಾಕಾ, ನಕಲು ತಾನೆ" ಎಂದೆ. "ಅಸಲು ಕಂಡವರು ಈ ಓಣಿಯಲ್ಲಿ ಯಾರಿದ್ದಾರವ್ವಾ? ಈ ತುದಿ ಹಿಡಿ" ಎಂದರು. ಹಿಡಿದೆ.

ಮೂರು ಚಿತ್ರ ಕೈಬಿಟ್ಟವು, ಹದಿನಾಲ್ಕು ಉಳಿದವು. ಯೋಗಿನಿಯ ಮುಖ ಮತ್ತು ಹಕ್ಕಿಗೆ ಏನೂ ಆಗಿರಲಿಲ್ಲ. ಹತ್ತು ಗಂಟೆಗೆ ಶಾಲೆಯ ಮಕ್ಕಳು ಬರುವ ಹೊತ್ತಿಗೆ ಕಾಕಾ ಹೊಸ ಕಟ್ಟು ಹಾಕಿ ಅವಳನ್ನು ಅದೇ ಮೊಳೆಗೆ ತೂಗುಹಾಕಿ, ಲೂನಾ ನೂಕಿಕೊಂಡು ಹೊರಟಿದ್ದರು. ನಿಲುವಂಗಿಯ ಮೇಲಿನ ಹಸಿರು ಕಲೆಯನ್ನು ನೋಡಿದ ಹುಡುಗನೊಬ್ಬ ಅದು ನದಿಯೇ ಎಂದು ಕೇಳಿದ. ಹೌದೆಂದೆ.

ಬಿಲ್ ಕೇಳಿದಾಗ ಕಾಕಾ ಮೊಳೆ, ಗಾಜು, ಪೆಟ್ರೋಲು ಬರೆದು ಕೊಟ್ಟರು. ಬಿಳಿ ಕಾಗದವನ್ನು ಬರೆದಿರಲಿಲ್ಲ, ರಾತ್ರಿಯ ಕೂಲಿಯನ್ನೂ ಬರೆದಿರಲಿಲ್ಲ. ಅವರು ಮೊಬೈಲ್ ನೋಡುವುದಿಲ್ಲ. ತಮ್ಮಾ, ನೀನು ಇದನ್ನು ಅವರಿಗೆ ಓದಿ ಹೇಳು. ಕಾಗದದ ದುಡ್ಡು ನಿಮ್ಮ ಅಂಗಡಿಯ ಗಲ್ಲಾದ ಕೆಳಗಿದೆ, ನಿನ್ನೆ ಅವರು ನಮಾಜಿಗೆ ಹೋದಾಗ ಇಟ್ಟು ಬಂದೆ. ತಿರುಗಿ ತಂದುಕೊಟ್ಟರೆ ನಾನು ಮನೆಯಲ್ಲಿರುವುದಿಲ್ಲ ಎಂದು ತಿಳಿಸು.